ಹೊಸ ಕುರಿ ತಂದ ಮೇಲೆ ಮಂದೆಯಲ್ಲಿ ತೊಂದರೆ: ಕಾರಣ ಪತ್ತೆ ಹಚ್ಚುವುದು ಹೇಗೆ?

ಸಂತೆಯಿಂದ ಎರಡು ಮೂರು ಕುರಿ ತಂದು ಮನೆಯ ಹತ್ತು ಹನ್ನೆರಡರ ಜೊತೆ ಬಿಟ್ಟ ಮೇಲೆ ಏನಾದರೂ ಕೆಟ್ಟರೆ ನಮ್ಮ ಅರಸೀಕೆರೆ, ಕಡೂರು ಕಡೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಹೊಂದಿಕೊಳ್ಳಲಿಲ್ಲ." ಮೇವು ಬಿಟ್ಟರೂ ಹೊಂದಿಕೊಳ್ಳಲಿಲ್ಲ, ಕುಂಟಿದರೂ ಹೊಂದಿಕೊಳ್ಳಲಿಲ್ಲ, ಸತ್ತೇ ಹೋದರೆ "ನಮ್ಮ ಊರಿನ ನೀರು ಹಿಡಿಸಲಿಲ್ಲ". ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದು ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಕುರಿಗಳು ಒಂದಕ್ಕೊಂದು ಹೊಂದಿಕೊಳ್ಳುವ ಗದ್ದಲ ಎರಡು ಮೂರು ದಿನದ್ದು, ಹೆಚ್ಚೆಂದರೆ ಒಂದು ವಾರದ್ದು. ಅದರಾಚೆಗೂ ಉಳಿಯುವ ತೊಂದರೆಗೆ ಬೇರೆಯೇ ಕಾರಣವಿರುತ್ತದೆ, ಹುಡುಕಿದರೆ ಬಹುಮಟ್ಟಿಗೆ ಸಿಗುತ್ತದೆ.

ಹುಡುಕಲು ಶುರು ಮಾಡುವುದು ಔಷಧಿ ಅಂಗಡಿಯಿಂದಲ್ಲ, ಎರಡು ಪ್ರಶ್ನೆಗಳಿಂದ. ತೊಂದರೆ ಯಾರಿಗೆ: ಹೊಸ ಕುರಿಗೆ ಮಾತ್ರವೋ, ಹಳೆಯವುಗಳಿಗೋ, ಎಲ್ಲಕ್ಕೂ ಸೇರಿಯೋ? ಹೊಸ ಕುರಿ ಬಂದ ಎಷ್ಟನೆಯ ದಿನ ಅದು ಕಾಣಿಸಿಕೊಂಡಿತು? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಕಾರಣಗಳ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದಕ್ಕೇ ಕುರಿ ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡಿ. ಮೂರು ವಾರ ಕಳೆದ ಮೇಲೆ ನೆನಪಿನಿಂದ ಹೇಳುವ ದಿನಾಂಕ ನಂಬುವಂಥದ್ದಲ್ಲ.

ಮೊದಲ ದಿನಗಳ ಗುದ್ದಾಟ ಮತ್ತು ಕೂಗಾಟ

ಹೊಸ ಕುರಿ ದಿನವಿಡೀ ಅರಚುತ್ತಿದ್ದರೆ ಮೊದಲು ನೋಡಬೇಕಾದದ್ದು ಅದು ಒಂಟಿಯಾಗಿ ಬಂದಿದೆಯೇ ಎಂಬುದನ್ನು. ಕುರಿಗೆ ಒಂಟಿತನಕ್ಕಿಂತ ದೊಡ್ಡ ಭಯವಿಲ್ಲ. ತನ್ನ ಹಳೆಯ ಮಂದೆಯನ್ನು ಹುಡುಕಿಕೊಂಡು ಬೇಲಿ ಹಾರುತ್ತದೆ, ಮೇಯಲು ಬಿಟ್ಟರೆ ರಸ್ತೆ ಹಿಡಿಯುತ್ತದೆ. ಒಂದೇ ಮಂದೆಯಿಂದ ಕನಿಷ್ಠ ಎರಡು ಕುರಿ ತರುವುದು ಇದಕ್ಕೆ ಪರಿಹಾರ. ಆಗಲೇ ಒಂದನ್ನು ತಂದಾಗಿದ್ದರೆ ನಿಮ್ಮ ಮಂದೆಯ ಸಾಧು ಸ್ವಭಾವದ ಒಂದು ಕುರಿಯನ್ನು ತಡಿಕೆಯ ಆಚೆ ಬದಿಯಲ್ಲಿ, ಅದಕ್ಕೆ ಕಾಣುವಂತೆ ಕಟ್ಟಿ. ಮೂಗಿಗೆ ಮೂಗು ತಾಗದಷ್ಟು ದೂರವಿರಲಿ, ಕಣ್ಣಿಗೆ ಕಂಡರೆ ಸಾಕು.

ಹೆಣ್ಣು ಕುರಿಗಳ ತಲೆಗುದ್ದಾಟಕ್ಕೆ ಹೆದರಬೇಕಾಗಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂಬುದು ಇತ್ಯರ್ಥವಾದ ಮೇಲೆ ಅದು ತಾನಾಗಿ ನಿಲ್ಲುತ್ತದೆ. ಟಗರುಗಳ ವಿಷಯ ಹಾಗಲ್ಲ. ಹಿಂದಕ್ಕೆ ಸರಿದು, ಓಡಿ ಬಂದು ಹೊಡೆಯುವ ಏಟಿಗೆ ಕುತ್ತಿಗೆ ಮುರಿದು ಸಾಯುವುದುಂಟು. ಅಪಾಯ ಇರುವುದು ಆ ಓಟದಲ್ಲಿ. ಆದ್ದರಿಂದ ಎರಡು ಟಗರುಗಳನ್ನು ಸೇರಿಸುವಾಗ ಹಿಂದೆ ಸರಿಯಲು ಜಾಗವೇ ಇಲ್ಲದಷ್ಟು ಇಕ್ಕಟ್ಟಾದ ತಡಿಕೆಯೊಳಗೆ, ಜೊತೆಗೆ ಒಂದೆರಡು ಬೇರೆ ಕುರಿಗಳನ್ನೂ ಸೇರಿಸಿ, ಒಂದೆರಡು ದಿನ ಬಿಡಬೇಕು. ಬಿಸಿಲು ಇಳಿದ ಮೇಲೆ ಸೇರಿಸಿ, ನೀರು ಮೇವು ಅಲ್ಲೇ ಕೊಡಿ, ಆಗಾಗ ಹೋಗಿ ನೋಡಿ. ಬಯಲಿಗೆ ಬಿಟ್ಟ ಮೇಲೂ ಮೊದಲ ದಿನ ಕಣ್ಣಿಟ್ಟಿರಿ. ಕೊಂಬಿರುವ ಟಗರನ್ನು ಕೊಂಬಿಲ್ಲದ ಬನ್ನೂರು ಟಗರಿನ ಜೊತೆ, ಅಥವಾ ಆರು ಹಲ್ಲು ಬಂದ ಬೆಳೆದ ಟಗರನ್ನು ಇನ್ನೂ ಹಾಲುಹಲ್ಲಿನ ಮರಿಯ ಜೊತೆ ಹೀಗೆ ಸೇರಿಸಲೇಬಾರದು. ಅವು ಬೇರೆಯೇ ಇರಲಿ. ಏಟು ತಿಂದ ಟಗರು ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದರೆ, ಕುತ್ತಿಗೆ ಓರೆಯಾಗಿದ್ದರೆ, ಮೂಗಿನಿಂದ ರಕ್ತ ಬರುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಹೊಸ ಕುರಿ ಬಡಕಲಾಗುತ್ತಿದೆ

ಚಿಕ್ಕ ಮಂದೆಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವ ದೋಷ ಇದು. ತಕ್ಷಣ ಜಂತಿನ ಔಷಧಿ ಕುಡಿಸುವ ಮೊದಲು ಒಂದು ಸಂಜೆ ಕಾಲು ಗಂಟೆ ಬಿಡುವು ಮಾಡಿಕೊಂಡು ಮೇವಿನ ತೊಟ್ಟಿಯ ಬಳಿ ಸುಮ್ಮನೆ ನಿಲ್ಲಿ. ಹಳೆಯ ಕುರಿಗಳು ಮೇವಿಗೆ ಬಾಯಿ ಹಾಕುತ್ತಿದ್ದಂತೆ ಹೊಸದು ಸಂದು ಹುಡುಕಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯುತ್ತದೆ. ಒಳಗೆ ತಲೆ ತೂರಿಸಿದರೆ ಪಕ್ಕದ ಕುರಿ ಕತ್ತನ್ನಷ್ಟೇ ಹೊರಳಿಸುತ್ತದೆ, ಗುದ್ದುವುದೂ ಇಲ್ಲ, ಆದರೆ ಇದು ಹಿಂದೆ ಸರಿದುಬಿಡುತ್ತದೆ. ದೂರದಿಂದ ನೋಡುವವರಿಗೆ ಜಗಳವೇ ಕಾಣುವುದಿಲ್ಲ. ಎಲ್ಲವೂ ತಿಂದು ಮಲಗಿದ ಮೇಲೆ ಅದರ ಎಡಪಕ್ಕೆಯನ್ನು ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಇರುವ ಗುಳಿ ಹಳೆಯ ಕುರಿಗಳಲ್ಲಿ ತುಂಬಿಕೊಂಡಿರುತ್ತದೆ, ಇದರಲ್ಲಿ ಅಂಗೈ ಹಿಡಿಸುವಷ್ಟು ಒಳಗೆ ಹೋಗಿರುತ್ತದೆ.

ಈಗ ಅದನ್ನು ಬೇರೆ ಕರೆದುಕೊಂಡು ಹೋಗಿ ಒಂದು ಹಿಡಿ ಹುರುಳಿ ಹೊಟ್ಟು ಇಡಿ. ಮುಗಿಬಿದ್ದು ತಿಂದರೆ ಬಹುಮಟ್ಟಿಗೆ ಅದಕ್ಕೆ ರೋಗವಿಲ್ಲ, ಜಾಗವಿಲ್ಲ ಅಷ್ಟೆ. ಮೂಸಿ ಮುಖ ತಿರುಗಿಸಿದರೆ ರೋಗವಿರಬಹುದು, ಥರ್ಮಾಮೀಟರ್ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಕುರಿ ಸಾಕಣೆಯಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. ಜಾಗದ ಕೊರತೆಗೆ ಪರಿಹಾರ ಸುಲಭ: ಬೆಳೆದ ಕುರಿ ಒಂದಕ್ಕೆ ತೊಟ್ಟಿಯಲ್ಲಿ ಒಂದರಿಂದ ಒಂದೂವರೆ ಅಡಿ ಜಾಗ ಬೇಕು. ಅದಕ್ಕಿಂತ ಮುಖ್ಯವಾಗಿ ಮೇವನ್ನು ದೂರ ದೂರ ಎರಡು ಕಡೆ ಹಾಕಿ. ದಬ್ಬಾಳಿಕೆ ಮಾಡುವ ಕುರಿ ಏಕಕಾಲಕ್ಕೆ ಎರಡು ಕಡೆ ಇರಲಾರದು. ನೀರಿನ ಬಾನಿಯೂ ಮೂಲೆಯಲ್ಲಿರದೆ ನಾಲ್ಕೂ ಕಡೆಯಿಂದ ಬಾಯಿ ಹಾಕುವಂತಿರಲಿ.

ಮೊದಲ ವಾರದಲ್ಲೇ ಮಂಕಾದರೆ

ಹೊಸ ಕುರಿ ಮಾತ್ರ ಎರಡನೆಯ ದಿನದಿಂದ ಐದನೆಯ ದಿನದೊಳಗೆ ಮಂಕಾದರೆ ಅದು ಬಂದ ದಾರಿಯನ್ನು ನೆನಪಿಸಿಕೊಳ್ಳಿ. ಸಂತೆಯಲ್ಲಿ ದಿನವಿಡೀ ನೀರಿಲ್ಲದೆ ನಿಂತು, ಗೂಡ್ಸ್ ಆಟೋದಲ್ಲಿ ಗಾಳಿಗೆ ಮೈಯೊಡ್ಡಿ ಬಂದ ಕುರಿಯ ಶ್ವಾಸಕೋಶಕ್ಕೆ ಸೋಂಕು ಹತ್ತುವುದು ಸಾಮಾನ್ಯ. ಕೆಮ್ಮು, ಮೂಗಿನಲ್ಲಿ ಸಿಂಬಳ, ನಿಂತಲ್ಲೇ ಏದುಸಿರು ಇದ್ದು ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ವೈದ್ಯರ ಚುಚ್ಚುಮದ್ದು ಬೇಕು. ಆರೋಗ್ಯವಂತ ಕುರಿಯ ಮೈಶಾಖ ಸುಮಾರು 102ರಿಂದ 103.5. ನಮ್ಮ ಮೈಯ ಲೆಕ್ಕದಲ್ಲಿ ನೋಡಿ ಜ್ವರವೆಂದು ಗಾಬರಿಯಾಗುವುದು ಬೇಡ.

ಜ್ವರವಿಲ್ಲ, ಆದರೆ ಮೆಲುಕು ಹಾಕುತ್ತಿಲ್ಲ, ಹಲ್ಲು ಕಡಿಯುತ್ತಿದೆ, ಹಿಕ್ಕೆಯ ಬದಲು ಹುಳಿ ವಾಸನೆಯ ತೆಳು ಭೇದಿ ಎಂದಾದರೆ ಅದು ನಮ್ಮ ಪ್ರೀತಿಯಿಂದ ಬಂದ ರೋಗ. ಬಡವಾಗಿದೆ ಎಂದು ಬೊಗಸೆ ತುಂಬ ರಾಗಿ, ಮೆಕ್ಕೆಜೋಳ, ಉಳಿದ ಅನ್ನ ಹಾಕುತ್ತೇವೆ. ಅಷ್ಟು ದಿನ ಬರೀ ಹುಲ್ಲು ಮೇಯ್ದ ಹೊಟ್ಟೆಗೆ ಕಾಳು ಬಿದ್ದರೆ ಮೊದಲ ಹೊಟ್ಟೆಯಲ್ಲಿ ಆಮ್ಲ ಉಕ್ಕುತ್ತದೆ. ಕಾಳನ್ನು ಅಲ್ಲಿಗೇ ನಿಲ್ಲಿಸಿ, ಒಣ ರಾಗಿ ಹುಲ್ಲು ಮಾತ್ರ ಕೊಡಿ, ಅಡುಗೆ ಸೋಡಾ ಎಷ್ಟು ಕುಡಿಸಬೇಕೆಂದು ತೂಕ ಹೇಳಿ ವೈದ್ಯರನ್ನು ಕೇಳಿ. ಕುರಿ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ಮನೆಮದ್ದಿಗೆ ಸಮಯವಿಲ್ಲ. ಮಾರಿದವರು ಏನು ಹಾಕುತ್ತಿದ್ದರು ಎಂದು ಕೇಳಿಕೊಂಡು ಬಂದು, ನಮ್ಮ ಮೇವಿಗೆ ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಬದಲಾಯಿಸಿದರೆ ಈ ತೊಂದರೆ ಹತ್ತಿರ ಬರುವುದಿಲ್ಲ. ಇದೇ ಹೊತ್ತಿನಲ್ಲಿ ಚೆನ್ನಾಗಿ ಮೈತುಂಬಿಕೊಂಡಿದ್ದ ಮರಿಯೊಂದು ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಸತ್ತು ಬಿದ್ದಿದ್ದರೆ ಕರುಳು ಬೇನೆಯನ್ನು ಅನುಮಾನಿಸಿ. ಅದಕ್ಕೆ ಲಸಿಕೆಯಿದೆ, ಉಳಿದವುಗಳಿಗೆ ಕೂಡಲೇ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ.

ಕಣ್ಣು ಹಳದಿಯಾದರೆ: ಮಲೆನಾಡಿನವರು ಗಮನವಿಟ್ಟು ಓದಬೇಕಾದದ್ದು

ಕಡೂರು, ಅರಸೀಕೆರೆಯ ಒಣ ಬಯಲಿನಲ್ಲಿ ಬೆಳೆದ ಕುರಿಯನ್ನು ಆಲೂರು, ಸಕಲೇಶಪುರ, ಮೂಡಿಗೆರೆಗೆ ತಂದಾಗ ಹೊಸದಕ್ಕೆ ಮಾತ್ರ ಬರುವ ಒಂದು ತೊಂದರೆಯಿದೆ. ಆಲೂರು ಕಡೆ ನಮ್ಮ ಸಂಬಂಧಿಕರೊಬ್ಬರು ಬಯಲುಸೀಮೆಯಿಂದ ಕುರಿಗಳನ್ನು ತಂದು ತೋಟದಂಚಿನಲ್ಲಿ ಬಿಟ್ಟರು. ವಾರದೊಳಗೆ ಹೊಸ ಕುರಿಗಳ ಕಿವಿ ದಪ್ಪವಾಗಿ ಜೋತುಬಿದ್ದವು, ಮುಖ ಊದಿತು, ಬಿಸಿಲಿಗೆ ಬರಲು ಒಪ್ಪದೆ ಕೊಟ್ಟಿಗೆಯ ಕತ್ತಲಲ್ಲಿ ನಿಂತವು. ಕಣ್ಣಿನ ಬಿಳಿ ಭಾಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಹಿಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅದೇ ಬೇಲಿಯ ಬದಿಯಲ್ಲಿ ಮೇಯುತ್ತಿದ್ದ ಹಳೆಯ ಕುರಿಗಳಿಗೆ ಏನೂ ಆಗಿರಲಿಲ್ಲ. ಕಾರಣ ಬೇಲಿಯಲ್ಲೇ ಇತ್ತು: ಲಂಟಾನ. ಅದರ ಜೊತೆಯಲ್ಲೇ ಬೆಳೆದ ಕುರಿ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಹೊಸದಾಗಿ, ಹಸಿದು ಬಂದದ್ದು ಹಸಿರು ಕಂಡಲ್ಲಿ ಬಾಯಿ ಹಾಕುತ್ತದೆ. ಲಂಟಾನದ ವಿಷ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಆಮೇಲೆ ಚರ್ಮ ಬಿಸಿಲನ್ನು ತಡೆಯುವುದಿಲ್ಲ. ಅಂಥ ಕುರಿಯನ್ನು ಪೂರ್ತಿ ನೆರಳಿನಲ್ಲಿಟ್ಟು ತಕ್ಷಣ ಚಿಕಿತ್ಸೆ ಕೊಡಿಸಬೇಕು. ತಡೆಯುವ ದಾರಿ ಸರಳ: ಮೊದಲ ವಾರಗಳಲ್ಲಿ ಹೊಟ್ಟೆ ತುಂಬ ಒಣಮೇವು ತಿನ್ನಿಸಿಯೇ ಹೊರಗೆ ಬಿಡಿ, ಬೇಲಿಯ ಕಡೆ ಬಿಡಬೇಡಿ.

ಹಳದಿ ಕಣ್ಣಿಗೆ ಇನ್ನೊಂದು ಕಾರಣವಿದೆ, ಅದು ಕಾಫಿ ಸೀಮೆಗೆ ಹೆಚ್ಚು ಸಲ್ಲುವಂಥದ್ದು. ತಾಮ್ರವನ್ನು ತಡೆದುಕೊಳ್ಳುವ ಶಕ್ತಿ ದನಕ್ಕಿಂತ ಕುರಿಗೆ ಬಹಳ ಕಡಿಮೆ. ಕಾಫಿ, ಮೆಣಸು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಎಂದರೆ ತಾಮ್ರವೇ. ಸಿಂಪಡಣೆ ಬಿದ್ದ ಹುಲ್ಲನ್ನು ವಾರಗಟ್ಟಲೆ ಮೇಯ್ದ ಕುರಿಯ ಯಕೃತ್ತಿನಲ್ಲಿ ತಾಮ್ರ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ದನದ ಖನಿಜ ಮಿಶ್ರಣ ತಿನ್ನಿಸಿದರೂ ಇದೇ ಕಥೆ. ಸಾಗಣೆ, ಗುದ್ದಾಟ, ಹಸಿವಿನಂಥ ಒತ್ತಡ ಬಿದ್ದ ದಿನ ಅದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಹೊಸ ಕುರಿ ಬಂದ ಗಲಾಟೆಯಲ್ಲಿ ಹಳೆಯ ಕುರಿಯೇ ಬಿದ್ದುಹೋಗಬಹುದು, ಆಗ ತಪ್ಪು ಹೊಸದರ ತಲೆಗೆ ಬರುತ್ತದೆ. ವ್ಯತ್ಯಾಸ ಕಾಣುವುದು ಮೂತ್ರದಲ್ಲಿ: ತಾಮ್ರದ ವಿಷಕ್ಕೆ ಅದು ಕೆಂಪು ಕಂದಾಗಿ, ಕಡು ಕಷಾಯದ ಬಣ್ಣಕ್ಕೆ ಬರುತ್ತದೆ. ಕಿವಿ, ಮುಖ ಊದಿ ಬಿಸಿಲಿಗೆ ಅಂಜಿದರೆ ಲಂಟಾನದ ಕಡೆ ಯೋಚಿಸಿ. ಎರಡರಲ್ಲಿ ಯಾವುದೇ ಆದರೂ ಕಾಯುತ್ತ ಕೂರುವ ರೋಗವಲ್ಲ.

ಕುಂಟು

ಒಂದೇ ಕುರಿ, ಒಂದೇ ಕಾಲು ಎಂದರೆ ಮೊದಲು ಮುಳ್ಳು ಹುಡುಕಿ. ಹೊಸದು ಬರುವಾಗಲೇ ಸ್ವಲ್ಪ ಕುಂಟುತ್ತಿದ್ದು, ಒಂದೆರಡು ವಾರದಲ್ಲಿ ಹಳೆಯವೂ ಒಂದೊಂದಾಗಿ ಕುಂಟಲು ತೊಡಗಿದರೆ ಅದು ಕಾಲು ಕೊಳೆ ರೋಗ. ಕುರಿಯನ್ನು ಕೂರಿಸಿ ಗೊರಸಿನ ಸಂದನ್ನು ಬಿಡಿಸಿ ಮೂಸಿ ನೋಡಿ. ಆ ಕೊಳೆತ ನಾತವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮುಂಗಾರು ಹಿಡಿದು ಕೊಟ್ಟಿಗೆಯ ನೆಲ ಕೆಸರಾದ ಮೇಲೆ ಇದು ಬೇಗ ಹಬ್ಬುತ್ತದೆ. ನೂರು ಲೀಟರ್ ನೀರಿಗೆ ಹತ್ತು ಕಿಲೋ ಜಿಂಕ್ ಸಲ್ಫೇಟ್ ಕರಗಿಸಿ, ಕಾಲಿನ ಕೆಸರು ತೊಳೆದು, ಆ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಒಣ ನೆಲದ ಮೇಲೆ ಆರಲು ಬಿಡಬೇಕು. ಮೈಲುತುತ್ತದ ನೀರಿನಲ್ಲೂ ಕಾಲು ಅದ್ದಿಸುವ ರೂಢಿಯಿದೆ, ಆದರೆ ಮೇಲೆ ಹೇಳಿದ ಕಾರಣಕ್ಕೇ ನಾನು ಅದನ್ನು ಬೇಡವೆನ್ನುತ್ತೇನೆ: ಬಾಯಾರಿದ ಕುರಿ ಅದನ್ನು ಕುಡಿದುಬಿಡುತ್ತದೆ.

ಎಲ್ಲವೂ ಒಂದೆರಡು ದಿನದಲ್ಲೇ ಒಟ್ಟಿಗೆ ಕುಂಟಿದರೆ, ಜ್ವರವಿದ್ದರೆ, ಬಾಯಿ ಮತ್ತು ಗೊರಸಿನ ಸಂದಿನಲ್ಲಿ ಗುಳ್ಳೆಗಳಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಮೂತಿ, ತುಟಿ ಊದಿ, ಗೊರಸಿನ ಮೇಲಂಚು ಕೆಂಪಗೆ ಉರಿಯುತ್ತಿದ್ದರೆ ನೀಲಿ ನಾಲಿಗೆ ರೋಗ. ಅದನ್ನು ಹಬ್ಬಿಸುವುದು ಮಳೆಗಾಲದ ಪುಟ್ಟ ಕಚ್ಚುವ ನೊಣಗಳು. ಬೇರೆ ಕಟ್ಟಿದ ಮಾತ್ರಕ್ಕೆ ನಿಲ್ಲುವುದಿಲ್ಲ, ಸಂಜೆಯ ಹೊಗೆಯೂ ಬೇಕು.

ಹಳೆಯ ಕುರಿಗಳೇ ಬಿದ್ದರೆ

ಹೊಸದು ಬಂದ ನಾಲ್ಕನೆಯ ದಿನದಿಂದ ಎರಡು ವಾರದೊಳಗೆ ಮಂದೆಯಲ್ಲಿ ಜ್ವರ, ಕಣ್ಣಿನಲ್ಲಿ ಪಿಸುರು, ಮೂಗು ಕಟ್ಟುವ ಗಟ್ಟಿ ಸಿಂಬಳ, ಬಾಯಿಯಲ್ಲಿ ಹುಣ್ಣು, ನಾತದ ಭೇದಿ ಒಂದರ ಹಿಂದೊಂದು ಕಂಡರೆ ಪಿಪಿಆರ್ (ಕುರಿ, ಮೇಕೆಗಳಲ್ಲಿ ಬೇಗ ಹಬ್ಬುವ ಮಾರಕ ವೈರಾಣು ರೋಗ) ಎಂದೇ ಭಾವಿಸಿ ನಡೆದುಕೊಳ್ಳಿ. ಬಾಲದ ಕೆಳಗೆ, ತೊಡೆಯ ಒಳಗೆ, ಕೆಚ್ಚಲ ಬಳಿ ಕೂದಲಿಲ್ಲದ ಜಾಗದಲ್ಲಿ ಗಟ್ಟಿ ಗಂಟುಗಳು ಎದ್ದರೆ ಕುರಿ ಸಿಡುಬು. ಈ ಹಂತದಲ್ಲಿ ನಿಮ್ಮ ಕೆಲಸ ಔಷಧಿ ಹುಡುಕುವುದಲ್ಲ, 1962 ಸಹಾಯವಾಣಿಗೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು ಮತ್ತು ಕುರಿಗಳನ್ನು ಅಲುಗಾಡಿಸದಿರುವುದು. ಸಾಯುವ ಮೊದಲು ಬಂದಷ್ಟು ಬರಲಿ ಎಂದು ಸಂತೆಗೆ ಹೊಡೆಯುವ ಆಸೆ ಬರುತ್ತದೆ. ಬಡವರ ನಷ್ಟ ನನಗೆ ಅರ್ಥವಾಗುತ್ತದೆ, ಆದರೂ ಹೊಡೆಯಬೇಡಿ. ನಿಮ್ಮ ಮನೆಗೆ ರೋಗ ಬಂದದ್ದೂ ಬಹುಶಃ ಹಾಗೆಯೇ.

ಪಿಪಿಆರ್ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಆದರೆ ರೋಗಾಣು ಆಗಲೇ ಒಳಗೆ ಹೊಕ್ಕಿದ್ದ ಕುರಿಯನ್ನು ಅದು ಉಳಿಸದು. "ಲಸಿಕೆ ಹಾಕಿಸಿದ ಮೇಲೇ ಸತ್ತವು" ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದು. ಹೊಸದಕ್ಕೆ ಬೇರೆಯಿಟ್ಟ ಅವಧಿಯಲ್ಲೇ ಲಸಿಕೆ ಆಗಬೇಕು, ಹಳೆಯವುಗಳಿಗೆ ಹೊಸದು ಬರುವ ಮೊದಲೇ ಆಗಿರಬೇಕು.

ಗಬ್ಬದ ಕುರಿ ತಂದು, ಅದೋ ಹಳೆಯದೋ ಕಂದು ಹಾಕಿದರೆ ಗುದ್ದಾಟದ ಪೆಟ್ಟು ಎಂದು ತೀರ್ಮಾನಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬ್ರುಸೆಲ್ಲಾದಂಥ ಸೋಂಕು ಮನುಷ್ಯರಿಗೂ ತಗಲುತ್ತದೆ. ಕಂದು ಹಾಕಿದಾಗ ಬೀಳುವ ಕಸವನ್ನು (ಮಾಸನ್ನು) ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿಯರು ಕೊಟ್ಟಿಗೆಗೆ ಹೋಗುವುದು ಬೇಡ.

ತಿಂಗಳ ಮೇಲೆ ಕಾಣುವ ದೋಷ

ಇಲ್ಲಿ ಜಂತು. ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ನೋಡಿ: ಕೆಂಪಗಿದ್ದರೆ ಸರಿ, ಕಾಗದದಂತೆ ಬೆಳ್ಳಗಿದ್ದರೆ ರಕ್ತ ಹೀರುವ ಹುಳು ಹೊಟ್ಟೆಯಲ್ಲಿದೆ. ದವಡೆಯ ಕೆಳಗೆ ನೀರು ತುಂಬಿ ಸಂಜೆ ಹೊತ್ತಿಗೆ ಜೋತಾಡುವುದೂ ಅದರದೇ ಲಕ್ಷಣ. ಗದ್ದೆಯ ಬದು, ಕೆರೆಯಂಚಿನಲ್ಲಿ ಮೇಯುವ ಕುರಿಗಳಿಗೆ ಬಸವನಹುಳುವಿನ ಮೂಲಕ ಯಕೃತ್ತಿನ ಹುಳು ಸೇರಿಯೂ ಹೀಗಾಗುತ್ತದೆ, ಆ ಎರಡಕ್ಕೂ ಔಷಧಿ ಬೇರೆ ಬೇರೆ. ಆದ್ದರಿಂದ ಒಂದು ಹಿಡಿ ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿಯೇ ಕುಡಿಸಿ. ಹೊಸ ಕುರಿಗೆ ಬಂದ ದಿನವೇ ಔಷಧಿ ಕುಡಿಸಿದರೂ ಎರಡು ದಿನ ಬೇರೆಯಿಟ್ಟ ಜಾಗದಲ್ಲೇ ಇರಿಸಿ, ಮೇಯಲು ಬಿಡಬೇಡಿ. ಇಲ್ಲವಾದರೆ ಅದು ಹಾಕುವ ಹಿಕ್ಕೆಯೊಡನೆ ಮೊಟ್ಟೆಗಳು ನಿಮ್ಮ ಹುಲ್ಲಿಗೇ ಬೀಳುತ್ತವೆ.

ಬೇರೆಯಿಡುವುದು ಎಲ್ಲಿ, ಹೇಗೆ

ಮೇಲಿನ ರೋಗಗಳ ಬಹುಪಾಲು ಹೊರಗೆ ಕಾಣಿಸಿಕೊಳ್ಳಲು ಮೂರು ವಾರ ಸಾಕು. ಹೊಸದನ್ನು 21ರಿಂದ 30 ದಿನ ಬೇರೆಯಿಡಿ ಎನ್ನುವುದು ಇದಕ್ಕೇ. ಜಾಗವಿಲ್ಲ ಎನ್ನುವವರಿಗೆ ನನ್ನ ಉತ್ತರ: ಎರಡು ಕುರಿಗೆ ಹಿತ್ತಲಲ್ಲಿ ನಾಲ್ಕು ತಡಿಕೆ, ಮೇಲೊಂದು ಟಾರ್ಪಾಲು ಸಾಕು. ಹಳೆಯ ಕೊಟ್ಟಿಗೆಯಿಂದ ಹರಿಯುವ ನೀರು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಬರಬಾರದು. ಬಕೆಟ್ ಬೇರೆ, ಪೊರಕೆ ಬೇರೆ. ಪ್ರತಿದಿನ ಹಳೆಯವುಗಳ ಕೆಲಸ ಮುಗಿಸಿದ ಮೇಲೆಯೇ ಹೊಸದರ ಬಳಿ ಹೋಗಿ, ಬಂದು ಕೈಕಾಲು ತೊಳೆಯಿರಿ.

ಮೂರು ವಾರ ಏನೂ ಕಾಣದಿದ್ದರೆ ಹಳೆಯ ಒಂದು ಕುರಿಯನ್ನು ಹೊಸದರ ತಡಿಕೆಯೊಳಗೆ ಒಂದು ವಾರ ಬಿಡಿ. ಹೊಸದು ಏನಾದರೂ ಬಚ್ಚಿಟ್ಟುಕೊಂಡು ಬಂದಿದ್ದರೆ ಇಡೀ ಮಂದೆಗೆ ತಗಲುವ ಮೊದಲು ಅದೊಂದರಲ್ಲಿ ಗೊತ್ತಾಗುತ್ತದೆ. ಏನೂ ಆಗದಿದ್ದರೆ ಮಂದೆಗೆ ಸೇರುವ ದಿನ ಹೊಸದಕ್ಕೆ ಪರಿಚಯದ ಒಂದು ಮುಖ ಜೊತೆಗಿರುತ್ತದೆ. ಸೇರಿಸುವುದು ಸಂಜೆ, ಎಲ್ಲವೂ ಹೊಟ್ಟೆ ತುಂಬಿಸಿಕೊಂಡ ಮೇಲೆ, ಅಗಲವಾದ ಜಾಗದಲ್ಲಿ. ಟಗರುಗಳಿಗೆ ಮಾತ್ರ ಮೇಲೆ ಹೇಳಿದ ಇಕ್ಕಟ್ಟಿನ ತಡಿಕೆ.

ವೈದ್ಯರಿಗೆ ಫೋನ್ ಮಾಡುವಾಗ ಇಷ್ಟನ್ನು ಕೈಯಲ್ಲಿಟ್ಟುಕೊಳ್ಳಿ: ಹೊಸದು ಬಂದ ದಿನಾಂಕ, ಎಲ್ಲಿಂದ ಬಂತು, ಯಾವುದಕ್ಕೆ ಲಸಿಕೆ ಆಗಿದೆ, ಮೊದಲು ಬಿದ್ದದ್ದು ಹೊಸದೋ ಹಳೆಯದೋ, ಮೈಶಾಖ, ಹಿಕ್ಕೆ ಮತ್ತು ಮೂತ್ರದ ಬಣ್ಣ. ಕುರಿ ಸತ್ತಿದ್ದರೆ ಹೂಳುವ ಮೊದಲು ಶವಪರೀಕ್ಷೆ ಮಾಡಿಸಿ, ತಡಮಾಡಿದಷ್ಟೂ ಒಡಲು ಕೆಟ್ಟು ಏನೂ ತಿಳಿಯದಾಗುತ್ತದೆ. ತಲೆಯನ್ನು ನಾಯಿಗೆ ಎಸೆಯಬೇಡಿ. ಕುರಿಯ ಮಿದುಳಿನ ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಮೊಟ್ಟೆ ಹುಲ್ಲಿಗೆ ಬಿದ್ದು ಮತ್ತೆ ನಿಮ್ಮ ಕುರಿಗೇ ತಿರುಗು ರೋಗವಾಗಿ ಬರುತ್ತದೆ. ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.